ಬೇಗಂ ಬಾಯಿಗೆ ಕುಕ್ಕೆ

ಸಿರಾದ ನಮ್ಮ ಮನೆಗೆ ಬಂದವರಿಗೆ ಮೊದಲು ಕಾಣುತ್ತಿದ್ದುದು ಕುದುರೆಯ ಮುಖ. ಬೀದಿಬಾಗಿಲು ದಾಟಿದರೆ ಬಲಗಡೆ ಲಾಯ, ಎಡಗಡೆ ಮಣ್ಣಿನ ಜಗಲಿ, ನಡುವೆ ಕಲ್ಲು ಹಾಸಿದ ಓಣಿಯಂಥ ದಾರಿ. ಆ ದಾರಿ ಮುಗಿಯುವಲ್ಲಿ ಒಂದು ಪರದೆ, ಪರದೆಯ ಆಚೆ ನಾವು. ಮನೆ ಕಟ್ಟಿಸಿದ ಮುತ್ತಜ್ಜನಿಗೆ ಮನುಷ್ಯರಿಗಿಂತ ಕುದುರೆಗೆ ಗಾಳಿ ಬೆಳಕು ಹೆಚ್ಚು ಬೇಕು ಅನ್ನಿಸಿತ್ತೋ ಏನೋ, ಇದ್ದ ಒಂದೇ ದೊಡ್ಡ ಕಿಟಕಿಯನ್ನು ಲಾಯಕ್ಕೆ ಇಡಿಸಿದ್ದ. ಅಡುಗೆಮನೆಯಲ್ಲಿ ಹಗಲು ಹೊತ್ತಿನಲ್ಲೂ ಬುಡ್ಡಿದೀಪ ಉರಿಯಬೇಕಿತ್ತು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ನನ್ನ ತಾಯಿ, ಅಮ್ಮಿ, ಈ ಮನೆಗೆ ಸೊಸೆಯಾಗಿ ಬರುವುದಕ್ಕಿಂತ ಕುದುರೆಯಾಗಿ ಬಂದಿದ್ದರೆ ಸುಖವಾಗಿರುತ್ತಿತ್ತು ಎಂದು ಗೊಣಗುತ್ತಿದ್ದಳು. ಅದು ಅರ್ಧ ತಮಾಷೆ, ಅರ್ಧ ನಿಜ.

ಕುದುರೆಯ ಹೆಸರು ಬೇಗಂ. ಬೀದಿಯ ಹಿಂದೂ ಮನೆಗಳವರ ಬಾಯಲ್ಲಿ ಬೇಗಮ್ಮ. ಬೂದಿ ಕಲೆಸಿದಂಥ ಬಿಳಿ ಬಣ್ಣ, ಗಿಡ್ಡ ಕಾಲು, ಸ್ವಲ್ಪ ದಪ್ಪ ಹೊಟ್ಟೆ, ಕುತ್ತಿಗೆಯ ಮೇಲೆ ಗಟ್ಟಿಯಾದ ಕೊಬ್ಬಿನ ಏರು. ಅದು ಮರಿಯಾಗಿದ್ದಾಗಲೇ ನನ್ನ ತಂದೆ, ಅಬ್ಬಾ, ಮಧುಗಿರಿ ಕಡೆಯ ರೈತರೊಬ್ಬರಿಂದ ತಂದಿದ್ದರು. ಹಾಗಾಗಿ ಅದಕ್ಕೆ ಉರ್ದು ಬರುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ನಮ್ಮ ಜೊತೆ ಮನೆಮಾತಿನ ಉರ್ದುವಿನಲ್ಲಿ ಗದರುತ್ತಿದ್ದವರು ಲಾಯದ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಹೊರಳಿ, ದನಿ ಇಳಿಸಿ, ಏನಮ್ಮ, ಎಂಗಿದೀಯಮ್ಮ ಎಂದು ಕೇಳುತ್ತಿದ್ದರು. ಆ ದನಿ ನಮಗೆ ಸಿಗುತ್ತಿದ್ದುದು ಜ್ವರ ಬಂದಾಗ ಮಾತ್ರ. ನಮ್ಮ ಉರ್ದುವಿನಲ್ಲೂ ಅರ್ಧ ಕನ್ನಡವೇ ಇತ್ತು, ಆದ್ದರಿಂದ ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ನಮ್ಮ ಊಟವೂ ಕುದುರೆಯ ಊಟವೂ ಒಂದೇ ಪಾತ್ರೆಯಿಂದ ಹುಟ್ಟುತ್ತಿತ್ತು. ಅಮ್ಮಿ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯಿಸುತ್ತಿದ್ದಳು. ಬೆಂದ ಕಾಳು ಬೇಗಂಗೆ, ಬಸಿದ ಕಟ್ಟು ನಮಗೆ. ಆ ಕಟ್ಟಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹುಳಿ ಬಿದ್ದರೆ ರಾಗಿಮುದ್ದೆ ಗಂಟಲಲ್ಲಿ ತಾನಾಗಿ ಜಾರುತ್ತಿತ್ತು. ನನಗೂ ನನ್ನ ಅಕ್ಕ, ಅಂದರೆ ಆಪಾಗೂ, ಮೊದಲು ಯಾರಿಗೆ ಬಡಿಸಬೇಕು ಎಂದು ಜಗಳವಾದರೆ ದಾದಿಮಾ, ಅಬ್ಬಾನ ತಾಯಿ, ಮೂರನೆಯವಳ ಪರ ತೀರ್ಪು ಕೊಡುತ್ತಿದ್ದರು. ಮೊದಲು ಬೇಗಂಗೆ, ಆಮೇಲೆ ನೀವು. ಈ ಮನೆಯಲ್ಲಿ ದುಡಿಯೋಳು ಅವಳೊಬ್ಬಳೇ ಎಂಬುದು ಅವರ ಕಾರಣ. ಅದನ್ನು ಕೇಳಿಯೂ ಕೇಳದವರಂತೆ ಅಬ್ಬಾ ಮುದ್ದೆ ಮುರಿಯುತ್ತಿದ್ದರು.

ಬೇಗಂ ಕಾಲಿಗೆ ಲಾಳ ಇರಲಿಲ್ಲ. ನಾನು ಹುಟ್ಟುವ ಮುಂಚೆ ನಮ್ಮ ತಾತ ಜಟಕಾ ಹೊಡೆಯುತ್ತಿದ್ದರಂತೆ. ಲಾಳ ಕಟ್ಟಿದ ಕಾಲಿನ ಒಂದೇ ಒದೆ ಎದೆಗೆ ಬಿದ್ದು, ಲಾಯದ ಬಾಗಿಲಲ್ಲೇ ಪ್ರಾಣ ಬಿಟ್ಟರಂತೆ. ಆವತ್ತೇ ದಾದಿಮಾ ಹೇಳಿಬಿಟ್ಟರು: ಈ ಮನೆಯಲ್ಲಿ ಕುದುರೆ ಇರಬಹುದು, ಕುದುರೆ ಕಾಲಿನಲ್ಲಿ ಕಬ್ಬಿಣ ಇರಕೂಡದು. ಬರಿಗಾಲ ಕುದುರೆಯನ್ನು ಜಲ್ಲಿ ರಸ್ತೆಯಲ್ಲಿ ಜಟಕಾಕ್ಕೆ ಹೂಡಿದರೆ ಗೊರಸು ಸವೆದು ಹೋಗುತ್ತದೆ. ಹೀಗಾಗಿ ಅಬ್ಬಾ ಜಟಕಾ ಬಿಟ್ಟು ಮದುವೆಗೆ ಕುದುರೆ ಕೊಡುವ ಕಸುಬು ಹಿಡಿದರು. ಗೊರಸು ಬೆಳೆದಾಗ ತಾವೇ ಅರದಿಂದ ಉಜ್ಜಿ ಅಂಚು ಸರಿಮಾಡುತ್ತಿದ್ದರು. ಸಿರಾದಲ್ಲಿ, ಸುತ್ತಲ ಹಳ್ಳಿಗಳಲ್ಲಿ, ನಮ್ಮವರಲ್ಲೂ ಹಿಂದೂಗಳಲ್ಲೂ, ಮೆರವಣಿಗೆಗೆ ಬೇಗಮ್ಮನೇ ಬೇಕು ಅನ್ನುವವರು ಬಹಳ ಇದ್ದರು. ಪಟಾಕಿಗೆ ಬೆದರುತ್ತಿರಲಿಲ್ಲ, ಓಲಗಕ್ಕೆ ಕಿವಿ ಕೂಡ ಆಡಿಸುತ್ತಿರಲಿಲ್ಲ, ಹತ್ತಲು ಬಾರದ ಮದುಮಗ ಎರಡು ಸಲ ಜಾರಿದರೂ ಕಲ್ಲಿನ ಹಾಗೆ ನಿಂತಿರುತ್ತಿತ್ತು.

ಮದುವೆಗಳಲ್ಲಿ ನಮ್ಮ ಕಡೆ ಒಂದು ಶಾಸ್ತ್ರವಿತ್ತು. ವರ ಹೆಣ್ಣಿನ ಮನೆ ಬಾಗಿಲಿಗೆ ಬಂದ ತಕ್ಷಣ ಇಳಿಯುವಂತಿಲ್ಲ. ಹೆಣ್ಣಿನ ಕಡೆಯ ಹಿರಿಯ ಹೆಂಗಸು ತಟ್ಟೆಯಲ್ಲಿ ನೆನೆದ ಕಡಲೆ, ಬೆಲ್ಲ, ಎಳೆ ಗರಿಕೆ ತಂದು ಕುದುರೆಗೆ ತಿನ್ನಿಸಬೇಕು. ತಟ್ಟೆ ಖಾಲಿಯಾದ ಮೇಲೆ ವರ ನೆಲಕ್ಕೆ ಕಾಲಿಡಬೇಕು. ಕುದುರೆಯ ಬಾಯಿ ಸಿಹಿ ಮಾಡುವುದು ಎಂದು ಅದಕ್ಕೆ ಹೆಸರು. ಹಸಿರು ಹುಡುಗಿಯ ಮಡಿಲಿಗೆ, ಬೆಲ್ಲ ಅವಳ ಮಾತಿಗೆ, ಕಾಳು ಅವಳು ಸೇರುವ ಮನೆಯ ಕಣಜಕ್ಕೆ ಎಂದು ದೊಡ್ಡವರು ಅರ್ಥ ಹೇಳುತ್ತಿದ್ದರು. ಹೆಣ್ಣಿನ ಮನೆಯವರು ಮಾತ್ರ ಕೊಟ್ಟು ಸುಮ್ಮನಾದರೆ ಏನೂ ಆಗುತ್ತಿರಲಿಲ್ಲ. ಮೆರವಣಿಗೆ ಹೋಗುವ ಬೀದಿಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳಿದ್ದ ಪ್ರತಿ ಮನೆಯವರೂ ಒಂದೊಂದು ಹಿಡಿ ಹಿಡಿದು ನಿಂತಿರುತ್ತಿದ್ದರು. ಅವರ ಕೈ ತಳ್ಳುವುದಕ್ಕೆ ಅಬ್ಬಾಗೆ ಬಾಯಿ ಬರುತ್ತಿರಲಿಲ್ಲ, ಬೇಗಂಗೆ ಮನಸ್ಸು ಬರುತ್ತಿರಲಿಲ್ಲ.

ನಮ್ಮ ಸೀಮೆಗೆ ಮಳೆ ಕೈಕೊಟ್ಟ ಕತೆಯನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯ ಕಷ್ಟ ಶುರುವಾದದ್ದು ಮಳೆ ಚೆನ್ನಾಗಿ ಬಂದ ವರ್ಷ. ಕೆರೆ ತುಂಬಿತು, ಕೆರೆಯಂಚಿನಲ್ಲಿ ಮೊಣಕಾಲುದ್ದ ಹುಲ್ಲು ಎದ್ದಿತು. ಬೇಗಂಗೆ ಹಬ್ಬ. ಅಬ್ಬಾ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ಕರೆತರುತ್ತಿದ್ದರು. ಬೇಗಂ ಮೈ ಹೊಳೆಯತೊಡಗಿತು, ಬೆನ್ನಿನ ಮೇಲೆ ನೀರು ಹೊಯ್ದರೆ ನಡುವೆ ನಿಲ್ಲುವಷ್ಟು ಕೊಬ್ಬಿತು. ದಾದಿಮಾ ದೃಷ್ಟಿ ತೆಗೆದರು. ಆಮೇಲೆ ಒಂದು ಬೆಳಿಗ್ಗೆ ಅದು ಲಾಯದಿಂದ ಹೊರಗೆ ಬರಲು ಒಪ್ಪಲೇ ಇಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಗೋಡೆಗೆ ಒರಗಲು ಹೊರಟ ಮುದುಕಿಯಂತೆ ಹಿಂದಕ್ಕೆ ವಾಲಿ ನಿಂತಿತ್ತು. ಬಲವಂತವಾಗಿ ಎಳೆದರೆ ಕಲ್ಲುಹಾಸಿನ ಮೇಲೆ ಒಂದು ಹೆಜ್ಜೆ ಇಡಲು ಎಷ್ಟೋ ಹೊತ್ತು ಯೋಚಿಸುತ್ತಿತ್ತು. ಅಬ್ಬಾ ಗೊರಸು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. ಗೊರಸು ಸುಡುತ್ತಿತ್ತು.

ಮುಳ್ಳು ಹುಡುಕಿದರು, ಇರಲಿಲ್ಲ. ದನದ ಡಾಕ್ಟರು ಬಂದು ಯಾವುದೋ ಪುಡಿ ಕೊಟ್ಟರು, ಅದರಿಂದ ಭೇದಿಯಾಯಿತು, ಕಾಲು ಹಾಗೇ ಇತ್ತು. ಲಾಳ ಹೊಡೆಯುವವನು ನೋಡಿ, ಅಂಗಾಲು ಮೆತ್ತಗಾಗಿದೆ, ಲಾಳ ಕಟ್ಟಿದರೆ ನೋಡಬಹುದು, ಇಲ್ಲವಾದರೆ ನಾನೇನು ಮಾಡಲಿ ಎಂದ. ದಾದಿಮಾ ಅವನಿಗೆ ಚಹಾ ಕುಡಿಸಿ, ಕಬ್ಬಿಣದ ಚೀಲವನ್ನು ಅವನ ಕೈಗೇ ಕೊಟ್ಟು ಕಳಿಸಿದರು. ಕೊನೆಗೆ ಯಾರೋ ಹೇಳಿದರೆಂದು ಅಬ್ಬಾ ಬೇಗಂನ ನಿಧಾನವಾಗಿ ನಡೆಸಿಕೊಂಡು ಹೋಗಿ ಕೆರೆಯ ಕೆಸರಿನಲ್ಲಿ ನಿಲ್ಲಿಸಿದರು. ತಣ್ಣನೆ ಕೆಸರಿಗೆ ಕಾಲಿಟ್ಟ ಕೂಡಲೇ ಅದು ಕಣ್ಣು ಮುಚ್ಚಿ ಉಸಿರು ಬಿಟ್ಟಿತಂತೆ. ಅಬ್ಬಾ ಅದನ್ನು ಹೇಳುವಾಗ ಅವರ ಮುಖದಲ್ಲೂ ಅದೇ ನೆಮ್ಮದಿ. ಆದರೆ ಕೆಸರಿನ ಸುತ್ತ ಹುಲ್ಲೇ ಹುಲ್ಲು. ನಿಂತ ಕಡೆಯೇ ಕತ್ತು ನೀಡಿ ದಿನವಿಡೀ ಮೇಯಿತು. ಮಾರನೆಯ ದಿನ ನಿಲ್ಲಲೂ ಆಗಲಿಲ್ಲ. ನಮ್ಮ ಕಡೆ ಯಾರಿಗೆ ಏನೇ ಆದರೂ ಮೊದಲ ಮದ್ದು ತಿನ್ನಿಸುವುದು. ಬೀದಿಯವರು ಬೆಲ್ಲ ತಂದರು, ನೆನೆದ ಹುರುಳಿ ತಂದರು, ಹುಲ್ಲಿನ ಹೊರೆ ತಂದರು. ಬೇಗಂ ಅಳುವ ಕಣ್ಣಿನಲ್ಲೇ ಎಲ್ಲವನ್ನೂ ತಿಂದಿತು.

ಅಮ್ಮಿಯ ತವರು ಪಾವಗಡದ ಕಡೆ, ರಾಯಚರ್ಲು. ಅವಳ ಅಣ್ಣ, ನಮ್ಮ ಮಾಮು, ಕಡಲೆಕಾಯಿ ಲಾರಿಯ ಜೊತೆ ಆಗಾಗ ಸಿರಾಕ್ಕೆ ಬರುತ್ತಿದ್ದರು. ಬೇಗಂನ ಸ್ಥಿತಿ ನೋಡಿ, ಖಾಲಿ ಲಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ, ನಮ್ಮೂರಲ್ಲಿ ಮೂಳೆಗೆ ಎಣ್ಣೆ ಹಚ್ಚುವ ಮುದುಕ ಒಬ್ಬನಿದ್ದಾನೆ ಎಂದರು. ಲಾರಿಯಲ್ಲಿ ಮರಳು ಹಾಕಿ, ದಿಬ್ಬಕ್ಕೆ ಹಿಂಭಾಗ ಕೊಟ್ಟು ನಿಲ್ಲಿಸಿ, ಬೇಗಂನ ಹತ್ತಿಸಿದ್ದಾಯಿತು. ಅಮ್ಮಿಯೂ ನಾನೂ ಜೊತೆಗೆ ಹೊರಟೆವು. ಮಧುಗಿರಿಯಲ್ಲಿ ಬೆಟ್ಟದ ಕೆಳಗೆ ಲಾರಿ ನಿಂತಾಗ ಕೋರ್ಟಿಗೆ ಬಂದಿದ್ದ ಜನವೆಲ್ಲ ಲಾರಿಯಲ್ಲಿ ನಿಂತ ಬಿಳಿ ಕುದುರೆಯನ್ನು ನೋಡಲು ಸೇರಿದರು. ಒಬ್ಬ ಮುದುಕಪ್ಪ ಎಲ್ಲಿಗೆ ಮದುವೆಗಾ ಎಂದು ಕೇಳಿದ. ತವರಿಗೆ ಎಂದಳು ಅಮ್ಮಿ. ಅಷ್ಟು ದಿನಗಳಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ರಾಯಚರ್ಲುವಿನಲ್ಲಿ ಕಲ್ಲು, ಬಿಸಿಲು, ಮತ್ತೆ ಕಲ್ಲು. ಒಳ್ಳೆಯ ಮಳೆ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಎಣ್ಣೆ ಹಚ್ಚುವ ಮುದುಕ ನಾವು ಹೋಗುವ ಹೊತ್ತಿಗೆ ತೀರಿಕೊಂಡಿದ್ದ. ಇದ್ದದ್ದು ಬೆಟ್ಟದ ಬುಡದಲ್ಲಿ ಒಣಗಿ ಕಡ್ಡಿಯಾದ ಹುಲ್ಲು, ಒಂದಿಷ್ಟು ಹಳೆಯ ರಾಗಿಹುಲ್ಲು, ಹಳ್ಳದ ಮರಳು. ಬೇರೆ ದಾರಿಯಿಲ್ಲದೆ ಅದನ್ನೇ ಹಾಕಿದೆವು, ಮರಳಿನಲ್ಲೇ ಕಟ್ಟಿದೆವು. ದಿನಗಳು ಕಳೆದ ಹಾಗೆ ಬೇಗಂ ಮುಂಗಾಲುಗಳನ್ನು ತನ್ನ ಕೆಳಗೆ ತಂದುಕೊಂಡಿತು. ಹೊಟ್ಟೆ ಕರಗಿತು. ಒಂದು ದಿನ ಮರಳಿನಲ್ಲಿ ಹೊರಳಾಡಿ, ಎದ್ದು, ಮೈ ಕೊಡವಿ, ನಾಲ್ಕು ಹೆಜ್ಜೆ ಓಡಿತು. ಮಾಮು ಬೀಡಿ ಬಾಯಿಂದ ತೆಗೆದರು.

"ನೀ ಗುರ್ರಾನಿಕಿ ನಮ್ಮೂರ ಬಡತನ ಒಗ್ಗೈತೆ, ಚೂಡಮ್ಮಾ."

ನಿನ್ನ ಕುದುರೆಗೆ ನಮ್ಮೂರ ಬಡತನ ಹಿಡಿಸಿದೆ ನೋಡು ಎಂದು ಮಾಮು ಆ ಕಡೆಯ ತೆಲುಗು ಬೆರೆಸಿ ತಮಾಷೆಗೆ ಆಡಿದ ಆ ಮಾತನ್ನು ಅಮ್ಮಿ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಕುದುರೆ ಏನು ತಿಂದಾಗ ಹೇಗಿತ್ತು ಎಂದು ದಿನಗಟ್ಟಲೆ ತಲೆಯಲ್ಲಿ ಹಿಂದೆ ಮುಂದೆ ಹಾಕಿ ನೋಡಿದಳು. ಮದುವೆಗಳ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಬೇಗಂ ಒಂದಿಷ್ಟು ದಿನ ಕಾಲೆಳೆಯುತ್ತಿತ್ತಲ್ಲ, ಅದನ್ನು ದಣಿವು ಅಂದುಕೊಂಡಿದ್ದೆವಲ್ಲ ಎಂದು ನೆನೆದಳು. ಅದನ್ನು ಇಲ್ಲೇ ಬಿಟ್ಟು ಹೋಗೋಣ ಎಂದು ಅಬ್ಬಾಗೆ ಹೇಳಿ ಕಳಿಸಿದಳು. ಅಬ್ಬಾ ತಾವೇ ಬಂದು, ಹೇಳಿಟ್ಟ ಮದುವೆಗಳಿವೆ ಎಂದು ಲಾರಿ ಹತ್ತಿಸಿಕೊಂಡು ಬಂದರು.

ಸಿರಾಕ್ಕೆ ಬಂದ ದಿನವೇ ಜಗಳ. ಹಸಿ ಹುಲ್ಲು, ಬೆಲ್ಲ, ಕಾಳು, ಯಾವುದನ್ನೂ ಇದಕ್ಕೆ ಕೊಡಬಾರದು, ಅದರಿಂದಲೇ ಕಾಲು ಕೆಡುತ್ತಿದೆ ಎಂದು ಅಮ್ಮಿ ಜಗಲಿಯ ಮುಂದೆ ನಿಂತು ಹೇಳಿದಳು. ಅತ್ತೆಯ ಎದುರು ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ದಾದಿಮಾ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಕುದುರೆಗೆ ಹುಲ್ಲು ಆಗಲ್ಲ ಅಂದ್ರೆ ಮೀನಿಗೆ ನೀರು ಆಗಲ್ಲ ಅಂದಂಗೆ. ಹುಲ್ಲು ಕಾಣದ ಊರೋಳು ನೀನು, ನಿಂಗೇನು ಗೊತ್ತು?"

"ಕಾಣದ ಊರಾಗೇ ಅದು ಓಡ್ತು ಅಮ್ಮೀಜಾನ್. ನನ್ನ ಕಣ್ಣಾರ ಕಂಡಿವ್ನಿ."

ಅಬ್ಬಾ ಇಬ್ಬರ ನಡುವೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಕೂತಿದ್ದರು. ಕೊನೆಗೆ ಅಮ್ಮಿಯ ಮಾತಿನಂತೆ ಸ್ವಲ್ಪ ದಿನ ನೋಡೋಣ ಎಂದರು. ಆವತ್ತಿನಿಂದ ಕುದುರೆಯ ಪಾರುಪತ್ಯ ಅಮ್ಮಿಯದಾಯಿತು. ಲಾಯದ ಕಲ್ಲಿನ ಮೇಲೆ ಮರಳು ಹರವಿಸಿದಳು. ರಾಗಿಹುಲ್ಲನ್ನು ಬಾನಿಯಲ್ಲಿ ನೆನೆಸಿ, ಅದರ ಸಿಹಿ ಹೋಗಲಿ ಎಂದು ಆ ನೀರನ್ನು ಚೆಲ್ಲಿ, ಹಿಂಡಿ ಹಾಕುತ್ತಿದ್ದಳು. ನಮಾಜಿಗೆ ಕೈಕಾಲು ತೊಳೆದಂತೆ ಈಗ ಹುಲ್ಲಿಗೂ ವಜೂ ಮಾಡಿಸುತ್ತಿದ್ದಾಳೆ ಎಂದು ದಾದಿಮಾ ಬೀದಿಗೆಲ್ಲ ಹೇಳಿ ನಗಿಸಿದರು. ಹುರುಳಿ ಬೇಯುವುದು ನಿಂತಿತು, ಅದರ ಜೊತೆ ನಮ್ಮ ಸಾರೂ ನಿಂತಿತು. ಬೇಗಂ ಹೊರಗೆ ನಡೆಯುವಾಗ ದಾರಿಯ ಹುಲ್ಲಿಗೆ, ಹಗಲು ಲಾಯದಲ್ಲಿದ್ದಾಗ ಕಿಟಕಿಗೆ ಬರುವವರ ಕೈಗೆ ಬಾಯಿ ಹಾಕದಿರಲಿ ಎಂದು ಅಮ್ಮಿ ಅದರ ಮೂತಿಗೆ ಕುಕ್ಕೆ ಕಟ್ಟಿಸಿದಳು. ಕಣದಲ್ಲಿ ತುಳಿಯುವ ಎತ್ತು ತೆನೆ ತಿನ್ನದಿರಲಿ ಎಂದು ಬಾಯಿಗೆ ಕಟ್ಟುವ ಹಗ್ಗದ ಬಲೆ ಅದು.

ಎತ್ತಿಗೆ ಕಟ್ಟಿದರೆ ಯಾರೂ ಏನೂ ಅನ್ನುವುದಿಲ್ಲ. ಮದುವೆಯ ಕುದುರೆಗೆ ಕಟ್ಟಿದ್ದನ್ನು ಊರು ಸಹಿಸಲಿಲ್ಲ. ಲಾಯದ ದೊಡ್ಡ ಕಿಟಕಿ ಬೀದಿಗೆ ತೆರೆದಿತ್ತಲ್ಲ, ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಹೊಟ್ಟೆಗಿಲ್ಲದೆ ಸಾಯಿಸುತ್ತಿದ್ದಾರೆ ಎಂದು ಮಾತಾಯಿತು. ಬೇಗಂ ಕೂಡ ಯಾರ ಬಳೆ ಸದ್ದು ಕೇಳಿದರೂ ಕಿಟಕಿಗೆ ಮುಖ ತಂದು, ಕುಕ್ಕೆಯ ಒಳಗಿಂದಲೇ ಕೆನೆದು, ನಮ್ಮ ಮಾನ ಕಳೆಯುತ್ತಿತ್ತು. ನಮಗೆ ಮೊಸರು ಕೊಡುತ್ತಿದ್ದ ರಂಗಮ್ಮನಿಗೆ ಅದನ್ನು ಕಂಡರೆ ಪ್ರಾಣ. ಕೆರೆಯ ಕೆಳಗೆ ಅವರ ಗದ್ದೆ ಇತ್ತು. ಎಷ್ಟೋ ವರ್ಷದಿಂದ ಮೊಸರಿನ ಗಡಿಗೆಯ ಜೊತೆ ಬದುವಿನ ಹುಲ್ಲಿನ ಒಂದು ಕಟ್ಟನ್ನೂ ಬೇಗಂಗಾಗಿ ಹೊತ್ತು ತರುತ್ತಿದ್ದಳು. ಈಗ ಆ ಕಟ್ಟನ್ನು ಅಮ್ಮಿ ಬಾಗಿಲಲ್ಲೇ ತಡೆದಳು. ರಂಗಮ್ಮನ ಮುಖ ಸಣ್ಣದಾಯಿತು.

"ಬಾಯಿಲ್ಲದ ಮೂಗುಪ್ರಾಣಿ ಕಣ್ ಬೂಬಮ್ಮ. ಅದರ ಬಾಯಿ ಕಟ್ಟಿದ್ರೆ ದ್ಯಾವ್ರು ಮೆಚ್ಚಲ್ಲ."

ಕಾಲಿಗೋಸ್ಕರ ಬಾಯಿ ಕಟ್ಟಿದ್ದೇನೆ ಎಂದು ಅಮ್ಮಿ ಎಷ್ಟು ಹೇಳಿದರೂ ಅವಳಿಗೆ ಅದು ತಲೆಗೆ ಹೋಗಲಿಲ್ಲ. ಕಾಲಿಗೂ ಬಾಯಿಗೂ ಏನು ಸಂಬಂಧ ಎಂದು ಕೇಳಿದಳು. ಹೀಗೆ ಆಗುತ್ತದೆ ಎಂದು ಗೊತ್ತಿತ್ತೇ ಹೊರತು ಯಾಕೆ ಆಗುತ್ತದೆ ಎಂದು ಅಮ್ಮಿಗೂ ಗೊತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಬೇಗಂ ಮತ್ತೆ ಮುಂಗಾಲು ಚಾಚಿತು. ರಾತ್ರಿ ಮೇವಿಗೆಂದು ಕುಕ್ಕೆ ಬಿಚ್ಚಿದ್ದೆವು, ಬೆಳಿಗ್ಗೆ ಲಾಯದ ಕಿಟಕಿಯ ಕೆಳಗೆ ಎಳೆ ಹುಲ್ಲಿನ ಚೂರುಗಳು ಬಿದ್ದಿದ್ದವು. ಮಾರನೆಯ ದಿನ ರಂಗಮ್ಮ ಬಂದಾಗ ಅಮ್ಮಿ ಅವಳ ಮುಖ ನೋಡಿದಳು, ಮೊಸರು ಹಾಕಿಸಿಕೊಂಡಳು, ಒಳಗೆ ಬಂದು ಅಡುಗೆಮನೆಯ ಕತ್ತಲಲ್ಲಿ ಕೂತು ಅತ್ತಳು. ಸಿಟ್ಟು ಮಾಡಬೇಕೆಂದರೆ ಎದುರಿಗೆ ಶತ್ರು ಇರಬೇಕು. ನಮ್ಮ ಕುದುರೆಯ ಕಾಲು ಕೆಡಿಸಿದವರೆಲ್ಲ ಅದನ್ನು ನಮ್ಮಷ್ಟೇ ಪ್ರೀತಿಸುತ್ತಿದ್ದವರು. ದೊಡ್ಡವಳಾದ ಮೇಲೆ ಜೀವನದಲ್ಲಿ ಬೇರೆ ಬೇರೆ ಕಡೆ ಈ ಕಷ್ಟವನ್ನು ಕಂಡಿದ್ದೇನೆ, ಪ್ರತಿ ಸಲವೂ ಅಮ್ಮಿಯ ಹಾಗೆಯೇ ಬಾಯಿ ಕಟ್ಟಿ ಹೋಗಿದೆ.

ಆದರೂ ಅವಳು ಬಿಡಲಿಲ್ಲ. ಕಿಟಕಿಯ ಕೆಳಗಿನ ಅರ್ಧಕ್ಕೆ ಹಲಗೆ ಹೊಡೆಸಿದಳು. ಬೇಗಂ ಮತ್ತೆ ಚೇತರಿಸಿಕೊಂಡಿತು. ಮೆತ್ತನೆ ಮಣ್ಣಿನಲ್ಲಿ ನಡೆಯುವಷ್ಟು ಸರಿಹೋಯಿತು, ಕಲ್ಲಿನ ಮೇಲೆ ಮಾತ್ರ ಅಳುಕುತ್ತಿತ್ತು. ಅಬ್ಬಾ ಮದುವೆಗಳನ್ನು ಬಿಟ್ಟುಕೊಟ್ಟು ಒಬ್ಬ ಕಿರಾಣಿ ಅಂಗಡಿಯವರ ಹತ್ತಿರ ಮೂಟೆ ತೂಗುವ ಕೆಲಸಕ್ಕೆ ಸೇರಿದರು. ದಾದಿಮಾ ಮಗನ ಮುಖ ನೋಡುವುದನ್ನು ಬಿಟ್ಟರು. ಆ ಹೊತ್ತಿಗೆ ಆಪಾಗೆ ಸಂಬಂಧ ಕೂಡಿಬಂತು.

ಹುಡುಗ ಸಿರಾದವನೇ, ಬಟ್ಟೆ ಅಂಗಡಿ, ಊರ ಹೊರಗೆ ಬಾವಿ ಇದ್ದ ತೋಟ. ಒಳ್ಳೆಯ ಜನ. ಅವರು ಕೇಳಿದ್ದು ಒಂದೇ: ಊರ ಹುಡುಗರೆಲ್ಲ ಮದುವೆಯಾದದ್ದು ನಿಮ್ಮ ಬೇಗಂ ಮೇಲೆ, ನಮ್ಮ ಹುಡುಗನೂ ಅದರ ಮೇಲೇ ಬರಲಿ. ಅಬ್ಬಾ ಕಾಲುನೋವಿನ ವಿಷಯ ಹೇಳಿ, ಬೇರೆ ಕುದುರೆ ಗೊತ್ತು ಮಾಡುತ್ತೇನೆ ಎಂದರು. ಅವರ ಮುಖಗಳು ಒಂದನ್ನೊಂದು ನೋಡಿಕೊಂಡವು. ಹೆಣ್ಣಿನ ಮನೆಯ ಕುದುರೆ ಕುಂಟುತ್ತದೆ ಎಂಬ ಮಾತು ಮದುವೆಯ ಮಾತಿನ ನಡುವೆ ಬಂದದ್ದೇ ತಪ್ಪಾಯಿತು. ದಾದಿಮಾ ಒಳಗಿನಿಂದಲೇ ದನಿ ಎತ್ತಿ, ಕುದುರೆಗೆ ಏನೂ ಆಗಿಲ್ಲ, ಬೇಗಂ ಮೇಲೇ ಬರಲಿ ಎಂದುಬಿಟ್ಟರು. ಆಪಾ ಅವತ್ತು ಅಮ್ಮಿಯ ಸೆರಗು ಹಿಡಿದು, ನನಗೆ ಕುದುರೆಯೂ ಬೇಡ ಮೆರವಣಿಗೆಯೂ ಬೇಡ, ಬೇಗಂ ಚೆನ್ನಾಗಿದ್ದರೆ ಸಾಕು ಎಂದಳು. ಮದುಮಗಳ ಮಾತನ್ನು ಕೇಳುವ ಪದ್ಧತಿ ಎಲ್ಲಿತ್ತು?

ಅಮ್ಮಿ ತನ್ನಿಂದಾದ ಎಲ್ಲ ಏರ್ಪಾಡೂ ಮಾಡಿದಳು. ಮೆರವಣಿಗೆ ಕಲ್ಲಿನ ಬೀದಿ ಬಿಟ್ಟು ಕೆರೆ ಏರಿಯ ಮೇಲಿನ ಮಣ್ಣುದಾರಿಯಲ್ಲಿ ಬರಲಿ ಎಂದು ಒಪ್ಪಿಸಿದಳು. ಕುಕ್ಕೆಗೆ ಜರಿ ಬಟ್ಟೆ ಸುತ್ತಿ, ಹೂವು ಪೋಣಿಸಿ, ಅದೂ ಒಂದು ಅಲಂಕಾರ ಎನ್ನುವ ಹಾಗೆ ಮಾಡಿದಳು. ಬಾಗಿಲಲ್ಲಿ ತಿನ್ನಿಸುವ ತಟ್ಟೆಗೆ ನೆನೆಸಿ ಹಿಂಡಿದ ರಾಗಿಹುಲ್ಲನ್ನು ಸಣ್ಣಗೆ ಕತ್ತರಿಸಿ, ಮೇಲೆ ಗುಲಾಬಿ ಎಸಳು ಉದುರಿಸಿ ಇಟ್ಟಳು. ಆ ತಟ್ಟೆ ನೋಡಲು ಚೆನ್ನಾಗಿತ್ತು, ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಯಾರೂ ಹುಲ್ಲನ್ನು ಮೂಸಿ ನೋಡುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು.

ಸಂಜೆ ಬಿಸಿಲು ಇರುವಾಗಲೇ ದಿಬ್ಬಣ ಬಂತು. ನಾನು ಪರದೆಯ ಸಂದಿಯಲ್ಲಿ ಅಮ್ಮಿಯ ಪಕ್ಕದಲ್ಲಿದ್ದೆ. ಬೇಗಂ ಏರಿಯ ಮೇಲೆ ಚೆನ್ನಾಗಿಯೇ ನಡೆದು ಬಂದಿತ್ತಂತೆ, ಈಗ ನಮ್ಮ ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲೆ ನಿಂತಿತು. ಮೇಲೆ ಮುಖ ಮುಚ್ಚುವ ಹೂವಿನ ಸೆಹರಾ ಕಟ್ಟಿಕೊಂಡ ಭಾವ. ದಾದಿಮಾ ತಟ್ಟೆ ಹಿಡಿದು ಹೋದರು. ವರನ ಸೋದರತ್ತೆ, ತೂಕದ ಹೆಂಗಸು, ಮುಂದೆ ಬಂದು ಎಸಳು ಸರಿಸಿ ನೋಡಿದರು.

"ಒಣ ಹುಲ್ಲಾ? ನಮ್ಮ ಹುಡುಗ ಬಂದ ಬಾಗಿಲಿಗೆ ಒಣ ಹುಲ್ಲಾ?"

ಅವರು ಕೂಗಲಿಲ್ಲ, ಮೆಲ್ಲಗೆ ಕೇಳಿದರು. ಅದೇ ಹೆಚ್ಚು ನಾಟಿತು. ಒಣ ಹುಲ್ಲು ತಿನ್ನಿಸಿ ಇಳಿಸಿದರೆ ಮಡಿಲು ಒಣಗುತ್ತದೆ, ಹಸಿರು ಬರುವವರೆಗೆ ಹುಡುಗ ಇಳಿಯುವುದಿಲ್ಲ ಎಂದರು. ದಾದಿಮಾ ತಟ್ಟೆ ಹಿಡಿದೇ ನಿಂತರು. ಸೊಸೆ ಏನು ಇಟ್ಟಿದ್ದಾಳೆಂದು ಅವರಿಗೂ ಗೊತ್ತಿರಲಿಲ್ಲ. ಅಬ್ಬಾ ಕೈ ಜೋಡಿಸಿ ವಿವರಿಸತೊಡಗಿದರು, ಹಿರಿಯರೊಬ್ಬರು ಸಮಾಧಾನ ಹೇಳಿದರು, ಇನ್ನೊಬ್ಬರು ಅದಕ್ಕೆ ಎದುರು ಹೇಳಿದರು. ಓಲಗ ನಿಂತಿತು. ಈ ಮಾತಿನ ನಡುವೆ ಬೇಗಂನ ಯಾರೂ ನೋಡುತ್ತಿರಲಿಲ್ಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ, ಬೆನ್ನಿನ ಮೇಲೆ ಭಾವನನ್ನು ಹೊತ್ತು, ಅದು ಒಂದು ಮುಂಗಾಲು ಎತ್ತುತ್ತಿತ್ತು, ಇಳಿಸುತ್ತಿತ್ತು, ಇನ್ನೊಂದು ಎತ್ತುತ್ತಿತ್ತು. ತೊಡೆ ಅದುರುತ್ತಿತ್ತು. ಮಾತು ಎಷ್ಟು ಬೆಳೆದರೆ ಅಷ್ಟು ಹೊತ್ತು ಅದು ಹಾಗೇ ನಿಂತಿರಬೇಕು. ತಿನ್ನಿಸಿದರೆ ನಾಳೆ ಕಾಲು ಹೋಗುತ್ತದೆ, ತಿನ್ನಿಸದಿದ್ದರೆ ಈಗಲೇ ಹೋಗುತ್ತದೆ. ಅಮ್ಮಿಯ ಉಸಿರು ನನ್ನ ತಲೆಯ ಮೇಲೆ ಬಿಸಿಯಾಗಿ ಬೀಳುತ್ತಿತ್ತು.

ಅವಳು ಪರದೆ ಸರಿಸಿಕೊಂಡು ಹೊರಗೆ ಹೋದಳು. ಅಷ್ಟು ಜನ ಗಂಡಸರ ಮುಂದೆ, ಮದುಮಗಳ ತಾಯಿ, ತಲೆಯ ಮೇಲಿನ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು. ದಿಬ್ಬಣ ನೋಡಲು ಬಂದ ಹೆಂಗಸರ ಗುಂಪಿನಲ್ಲಿ ರಂಗಮ್ಮನೂ ಇದ್ದಳು, ಶುಭದ ದಿನವೆಂದು ಮಡಿಲಲ್ಲಿ ಹಸಿ ಹುಲ್ಲು ಕಟ್ಟಿಕೊಂಡು ಬಂದಿದ್ದಳು. ಅಮ್ಮಿ ಅವಳ ಮುಂದೆ ಸೆರಗೊಡ್ಡಿ ಅದನ್ನು ಹಾಕಿಸಿಕೊಂಡಳು. ಬೆಲ್ಲ, ಕಡಲೆ ಒಳಗಿನಿಂದ ಯಾರೋ ತಂದುಕೊಟ್ಟರು. ಕುಕ್ಕೆಯ ಗಂಟನ್ನು ಅಮ್ಮಿಯೇ ಬಿಚ್ಚಿದಳು.

"ತಿನ್ನವ್ವ," ಎಂದಳು, ಅಬ್ಬಾ ಮಾತಾಡಿಸುವ ಕನ್ನಡದಲ್ಲಿ. "ಬೇಗ ತಿನ್ನು. ತಿಂದ್ರೆ ಇಳೀತಾರೆ."

ಬೇಗಂ ತಿಂದಿತು. ತಿಂಗಳುಗಟ್ಟಲೆ ಹಸಿರು ಕಾಣದ ಬಾಯಿ ಅದು. ಕಿವಿ ಮುಂದಕ್ಕೆ ಮಾಡಿ, ಕಣ್ಣು ಅರೆಮುಚ್ಚಿ, ಅಮ್ಮಿಯ ಅಂಗೈಯನ್ನೂ ನೆಕ್ಕಿ ತಿಂದಿತು. ಅದು ಸಂತೋಷಪಟ್ಟದ್ದೇ ನನಗೆ ಎಲ್ಲಕ್ಕಿಂತ ಸಂಕಟವಾಯಿತು. ಸೋದರತ್ತೆಯವರಿಗೆ ಕಣ್ಣು ತುಂಬಿ ಬಂದು, ಅಮ್ಮಿಯ ಎರಡು ಕೆನ್ನೆ ಸವರಿ ತಮ್ಮ ನೆಟಿಕೆ ಮುರಿದರು. ಭಾವ ಇಳಿದರು, ಓಲಗ ಮತ್ತೆ ಶುರುವಾಯಿತು. ತಿನ್ನಿಸುವ ಕೈ ಒಂದು ಬಂದ ಮೇಲೆ ನೂರು ಬಂದವು. ಅಬ್ಬಾ ನಿಕಾಹಿಗೆ ಕೂರಬೇಕಿತ್ತು, ಅಮ್ಮಿ ಮಗಳ ಪಕ್ಕದಲ್ಲಿರಬೇಕಿತ್ತು. ಅಂದು ಬೇಗಂ ಎಷ್ಟು ತಿಂದಿತು ಎಂದು ನೋಡಿದವರಿಲ್ಲ.

ಆಪಾನ ಕಳಿಸಿಕೊಟ್ಟ ಮೇಲೆ ಅದು ಮಲಗಿತು. ಮತ್ತೆ ಏಳಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಾಳದವನನ್ನು ಈ ಸಲ ದಾದಿಮಾ ತಾವೇ ಕರೆಸಿದರು. ಅವನು ಗೊರಸಿನ ಅಡಿ ನೋಡಿ, ಇನ್ನು ಲಾಳ ಹೊಡೆಯಲು ಜಾಗವೇ ಇಲ್ಲ, ಒಳಗಿನ ಮೂಳೆ ಕೆಳಗೆ ಇಳಿದಿದೆ ಎಂದು ಎದ್ದು ಹೋದ. ಅಬ್ಬಾ ಅದರ ಮಗ್ಗುಲು ಬದಲಿಸುತ್ತಿದ್ದರು, ಅಮ್ಮಿ ಗೊರಸಿಗೆ ಒದ್ದೆ ಗೋಣಿ ಸುತ್ತುತ್ತಿದ್ದಳು. ದಾದಿಮಾ ಜಗಲಿಯಲ್ಲಿ ಕೂತು ತಸ್ಬಿಯ ಜಪಮಣಿ ಎಣಿಸುತ್ತಿದ್ದರು, ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಆಗ ಇಬ್ಬರಿಗೂ ಕಾಲ ಇರಲಿಲ್ಲ.

ಮದುವೆಯ ನಂತರದ ಮೊದಲ ಶುಕ್ರವಾರ, ಜುಮಾಗಿಯ ಊಟಕ್ಕೆ, ಆಪಾ ಗಂಡನ ಜೊತೆ ಬಂದಳು. ಹೊಸ ಅಳಿಯನ ಮೊದಲ ಊಟ, ಒಳಗೆ ಬಿರಿಯಾನಿಯ ದಮ್ಮು ಬಿಗಿದಿತ್ತು. ಭಾವ ಕೈಯಲ್ಲಿ ದೊಡ್ಡ ಹಸಿರು ಕಟ್ಟು ಹಿಡಿದು ಒಳಗೆ ಬಂದರು. ಬೇಗಂ ಮಲಗಿದೆ ಎಂದು ಕೇಳಿ, ಅವರ ತೋಟದಲ್ಲಿ ದನಗಳಿಗೆಂದು ಬೆಳೆದ ಎಳೆ ಕುದುರೆಮಸಾಲೆ ಸೊಪ್ಪನ್ನು ತಾವೇ ಕೊಯ್ದು ತಂದಿದ್ದರು. ಹೊಸ ಷರ್ಟಿನ ತೋಳೆಲ್ಲ ಒದ್ದೆಯಾಗಿತ್ತು. ಯಾರನ್ನೂ ಮಾತಾಡಿಸುವ ಮುಂಚೆ ಲಾಯಕ್ಕೆ ಹೋಗಿ, ಮರಳಿನಲ್ಲಿ ಮೊಣಕಾಲೂರಿ, ಬೇಗಂನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಮದುವೆಗೆ ನಿಂತವಳು ಇವಳು ಎಂದರು. ಅಬ್ಬಾ ಅಮ್ಮಿಯ ಕಡೆ ನೋಡಿದರು. ದಾದಿಮಾ ತಸ್ಬಿ ನಿಲ್ಲಿಸಿ ಅಮ್ಮಿಯ ಕಡೆ ನೋಡಿದರು. ಆಪಾಗೆ ಎಲ್ಲ ತಿಳಿದಿತ್ತು, ಅವಳೂ ಗಂಡನ ಬೆನ್ನ ಹಿಂದೆ ನಿಂತು ಅಮ್ಮಿಯ ಕಡೆಯೇ ನೋಡಿದಳು. ಅಮ್ಮಿ ಬಾಯಿ ತೆರೆದಳು, ಮಗಳ ಮುಖ ನೋಡಿದಳು, ಮುಚ್ಚಿದಳು. ಭಾವ ಒಂದೊಂದೇ ಎಳೆ ಬಿಡಿಸಿ ಬೇಗಂ ತುಟಿಗೆ ಇಟ್ಟರು. ಅದು ಮಲಗಿದಲ್ಲಿಂದಲೇ ಕತ್ತು ನೀಡಿ ತೆಗೆದುಕೊಂಡಿತು. ಅವರ ಮುಖ ಅರಳಿತು.

"ನೋಡಿ ಅಮ್ಮೀಜಾನ್, ಹೆಂಗೆ ತಿಂತಾವಳೆ. ಇನ್ನೇನು, ನಾಳೆ ಎದ್ದು ನಿಂತ್ಕೊಂತಾಳೆ."

"ಹೂಂ ಕಣಪ್ಪ," ಎಂದಳು ಅಮ್ಮಿ. "ಕೈ ತೊಳ್ಕೊ ಬಾ, ಊಟ ಆರೋಗ್ತದೆ."